ಹೋದವರೂ ಉಳಿದವರೂ

ಹಡಗನ್ನು ಕಟ್ಟುವವರೆಲ್ಲರು ಅದು ನೀರಿನ ಮೇಲೆ ಸಾಗಬೇಕೆಂತಲೇ ಕಟ್ಟುತ್ತಾರೆ. ನಿಂತ ಹಡಗು ವ್ಯಾಪಾರಿಗೆ ನಷ್ಟ, ಕಪ್ತಾನನಿಗೆ ಚಿಂತೆ. ಆದರೆ ಸಮುದ್ರದ ಹಿಮಗಡ್ಡೆಯೊಳಗೆ ಬೇಕೆಂದೇ ಸಿಕ್ಕಿಕೊಂಡು, ಚುಕ್ಕಾಣಿಯನ್ನು ಮೇಲಕ್ಕೆತ್ತಿಟ್ಟು, ಯಂತ್ರದ ಬೆಂಕಿಯನ್ನು ಆರಿಸಿ, ವರುಷಗಟ್ಟಳೆ ಸುಮ್ಮನೆ ಇರುವದಕ್ಕಾಗಿಯೇ ಕಟ್ಟಲ್ಪಟ್ಟ ಹಡಗೊಂದು ನಾರ್ವೆ ದೇಶದಲ್ಲಿ ಇತ್ತು. ಅದನ್ನು ಈಗಲೂ ಆ ದೇಶದ ಓಸ್ಲೋ ಪಟ್ಟಣದಲ್ಲಿ ಒಂದು ದೊಡ್ಡ ಮಾಡಿನ ಕೆಳಗೆ ಜೋಪಾನವಾಗಿ ಇಟ್ಟಿದ್ದಾರೆ. ಅದರ ಹೆಸರು ಫ್ರಾಂ. ನಾರ್ವೆಯವರ ಭಾಷೆಯಲ್ಲಿ ಈ ಮಾತಿಗೆ 'ಮುಂದಕ್ಕೆ' ಎಂದು ಅರ್ಥ. ತನ್ನ ಬಲದಿಂದ ಮುಂದಕ್ಕೆ ಹೋಗಲಾರದ ಸ್ಥಳದಲ್ಲಿ ಮೂರು ವರುಷ ಕಳೆಯಬೇಕಾಗಿದ್ದ ಹಡಗಿಗೆ ಈ ಹೆಸರನ್ನು ಇಟ್ಟದ್ದು ವಿಚಿತ್ರವೆಂದು ವಾಚಕರಿಗೆ ತೋರಬಹುದು.

ಆ ಹಡಗಿನಲ್ಲಿದ್ದವರ ದಿನಚರಿಯನ್ನು ಓದುವಾಗ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿತು. ಅದು ಇನ್ನೂ ನಮ್ಮನ್ನು ಬಿಟ್ಟಿಲ್ಲ. ಪ್ರತಿಯೊಂದು ಮನೆಯಲ್ಲಿಯೂ ಪ್ರತಿಯೊಂದು ಊರಲ್ಲಿಯೂ ಹೊರಟುಹೋಗುವವರು ಕೆಲವರು, ಉಳಿದುಕೊಳ್ಳುವವರು ಕೆಲವರು ಇರುತ್ತಾರೆ. ಹೋದವನ ಸುದ್ದಿಯನ್ನು ಜನರು ಕೂಡಿ ಕೇಳುತ್ತಾರೆ. ಉಳಿದವನಿಗೆ ಸುದ್ದಿಯೇ ಇಲ್ಲ. ನಿನ್ನೆ ಮಾಡಿದ್ದನ್ನೇ ಇಂದೂ ಮಾಡಿದನು, ಅಷ್ಟೇ. ಹಾಗಾದರೆ ಇವರಿಬ್ಬರಲ್ಲಿ ಯಾರು ತನ್ನ ಕರ್ತವ್ಯವನ್ನು ಹೆಚ್ಚಾಗಿ ನೆರವೇರಿಸಿದವನು? ಕೆಲಸದ ಫಲವು ತನ್ನ ಕೈಯಲ್ಲಿ ಇಲ್ಲದಿರುವಾಗ, ಅದು ಕಣ್ಣಿಗೂ ಕಾಣದಿರುವಾಗ, ದಿನದಿನವೂ ಅದೇ ಕೆಲಸವನ್ನು ಸರಿಯಾಗಿ ಮಾಡುವದಕ್ಕೆ ಬೆಲೆ ಏನು? ಇದನ್ನು ಬರೀ ಮಾತಿನಿಂದ ವಿಚಾರಿಸುವದಕ್ಕಿಂತ ನಡೆದ ಸಂಗತಿಯೊಂದನ್ನು ಮುಂದಿಟ್ಟುಕೊಂಡು ವಿಚಾರಿಸುವದು ಉತ್ತಮವೆಂದು ಎಣಿಸಿ, ಫ್ರಾಂ ಹಡಗಿನ ವರ್ತಮಾನವನ್ನು ಇಲ್ಲಿ ಬರೆಯುತ್ತೇವೆ.

೧೮೭೯ರಲ್ಲಿ ಜೀನೆಟ್ ಎಂಬ ಅಮೇರಿಕದ ಹಡಗೊಂದು ಉತ್ತರ ಸಮುದ್ರಕ್ಕೆ ಹೋಗಿ ಹಿಮಗಡ್ಡೆಯಲ್ಲಿ ಸಿಕ್ಕಿಬಿದ್ದಿತು. ೧೮೮೧ರ ಜೂನ್ ತಿಂಗಳಲ್ಲಿ ಸೈಬೀರಿಯದ ಉತ್ತರಕ್ಕೆ ಆ ಗಡ್ಡೆಗಳು ಅದನ್ನು ಒತ್ತಿ ಮುರಿದು ಮುಳುಗಿಸಿದವು. ಮೂರು ವರುಷಗಳಾದ ಮೇಲೆ, ಅಂದರೆ ೧೮೮೪ರಲ್ಲಿ, ಅದೇ ಹಡಗಿಗೆ ಸೇರಿದ ಕೆಲವು ಸಾಮಾನುಗಳು ಭೂಮಿಯ ಮತ್ತೊಂದು ಪಕ್ಕದಲ್ಲಿರುವ ಗ್ರೀನ್‌ಲ್ಯಾಂಡಿನ ದಡದಲ್ಲಿ ಸಿಕ್ಕಿದವು. ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಎಂಬ ಯುವಕ ವಿದ್ವಾಂಸನು ಇದನ್ನು ಕೇಳಿ, ಆ ಸಾಮಾನುಗಳನ್ನು ಹೊತ್ತು ತಂದದ್ದು ಹಿಮಗಡ್ಡೆಯೇ ಆಗಿರಬೇಕು, ಹಾಗಾದರೆ ಧ್ರುವ ಸಮುದ್ರದ ಹಿಮವೆಲ್ಲಾ ಒಂದು ಕಡೆಯಿಂದ ಮತ್ತೊಂದು ಕಡೆಗೆ ಮೆಲ್ಲಗೆ ಹರಿಯುತ್ತಿರಬೇಕು, ಒಡೆಯದ ಹಡಗನ್ನು ಅದರೊಳಗೆ ಸೇರಿಸಿದರೆ ಅದು ತಾನೇ ನಮ್ಮನ್ನು ಹೊತ್ತು ದಾಟಿಸುವದು ಎಂದು ತರ್ಕಿಸಿದನು. ಅನೇಕ ಅನುಭವಸ್ಥರು ಇದನ್ನು ಹುಚ್ಚುತನವೆಂದರು. ಕೋಲಿನ್ ಆರ್ಚರ್ ಎಂಬ ಹಡಗು ಕಟ್ಟುವವನಾದರೋ ಈ ಕೆಲಸಕ್ಕೆ ಒಪ್ಪಿ, ಗಡ್ಡೆಗಳು ಎರಡು ಪಕ್ಕಗಳಿಂದ ಒತ್ತಿದಾಗ ಹಿಡಿತಕ್ಕೆ ಸಿಕ್ಕದೆ ಮೇಲಕ್ಕೆ ಜಾರುವಂತೆ ಹೊಟ್ಟೆ ದುಂಡಗಿರುವ, ಬಹಳ ದಪ್ಪ ಮರದ ಹಡಗನ್ನು ಕಟ್ಟಿದನು. ಅದು ೩೯ ಮೀಟರ್ ಉದ್ದ, ೧೧ ಮೀಟರ್ ಅಗಲ. ತೆರೆಯ ಮೇಲೆ ಅದು ಬಹಳವಾಗಿ ಹೊರಳಾಡುತ್ತಿತ್ತಂತೆ. ಎಲ್ಲಾ ಗುಣಗಳೂ ಒಂದೇ ಕಡೆಯಲ್ಲಿ ಸಿಕ್ಕುವದಿಲ್ಲವಲ್ಲ.

೧೮೯೩ನೇ ಜೂನ್ ೨೪ರಲ್ಲಿ ಅವರು ರಾಜಧಾನಿಯಿಂದ ಹೊರಟರು. ಹಡಗಿನಲ್ಲಿ ೧೩ ಮಂದಿ ಇದ್ದರು. ಈ ಸಂಖ್ಯೆಯು ಅಪಶಕುನವೆಂದು ಆ ಖಂಡದವರಲ್ಲಿ ಅನೇಕರು ಹೆದರುತ್ತಾರೆ. ಈ ಹದಿಮೂರು ಮಂದಿಯೂ ಜೀವದಿಂದ ಮನೆಗೆ ಬಂದರೆಂಬದನ್ನು ನಾವು ಮೊದಲೇ ಹೇಳಿಬಿಡುತ್ತೇವೆ. ನಾನ್ಸೆನನು ಇವರ ನಾಯಕನು. ಆಟೋ ಸ್ವೆರ್ಡ್ರುಪ್ ಎಂಬವನು ಕಪ್ತಾನನು. ಯಲ್ಮಾರ್ ಯೋಹಾನ್ಸೆನ್ ಎಂಬ ಸೈನ್ಯದ ಅಧಿಕಾರಿಯು ಬೇರೆ ಸ್ಥಾನ ಸಿಕ್ಕದ ಕಾರಣ, ಹೇಗಾದರೂ ಹೋಗಬೇಕೆಂದು ಬೆಂಕಿಗೆ ಕಲ್ಲಿದ್ದಲು ಹಾಕುವವನಾಗಿ ಸೇರಿದನು. ಸೆಪ್ಟೆಂಬರ್ ೨೨ರಲ್ಲಿ, ನ್ಯೂ ಸೈಬೀರಿಯ ದ್ವೀಪಗಳ ಉತ್ತರಕ್ಕೆ, ಹಡಗನ್ನು ಹಿಮದ ಅಂಚಿಗೆ ಕಟ್ಟಿದರು. ಕೆಲವು ದಿನಗಳೊಳಗೆ ಸುತ್ತಲಿನ ನೀರೆಲ್ಲಾ ಗಟ್ಟಿಯಾಯಿತು.

ಅಲ್ಲಿಂದ ಮುಂದೆ ಅವರ ಜೀವನವು ಹೇಗಿತ್ತೆಂಬದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ನಮ್ಮ ಪ್ರಶ್ನೆಯು ಅದರಲ್ಲಿಯೇ ಅಡಗಿದೆ. ಬೆಳಿಗ್ಗೆ ಎಂಟು ಗಂಟೆಗೆ ಏಳುವರು. ಒಣಗಿದ ರೊಟ್ಟಿ, ಗಿಣ್ಣು, ಡಬ್ಬಿಯ ಮಾಂಸ, ಮೀನಿನ ಮೊಟ್ಟೆ, ಕಾಫಿ ಇವುಗಳನ್ನು ಎಲ್ಲರೂ ಒಂದೇ ಕೋಣೆಯಲ್ಲಿ ಒಂದೇ ಮೇಜಿನ ಸುತ್ತಲೂ ಕೂತು ತಿನ್ನುವರು. ನಾಯಕನಿಗೊಂದು ಊಟ, ಖಲಾಸಿಗೊಂದು ಊಟ ಎಂಬ ಭೇದವು ಆ ಹಡಗಿನಲ್ಲಿ ಇರಲಿಲ್ಲ. ಆ ಕಾಲದ ಹಡಗುಗಳಲ್ಲಿ ಇದು ಸಾಧಾರಣವಾದ ಸಂಗತಿಯಲ್ಲ. ಆ ಮೇಲೆ ಒಬ್ಬನು ನಾಯಿಗಳಿಗೆ ಆಹಾರ ಹಾಕುವನು, ಒಬ್ಬನು ಕುಡಿಯುವದಕ್ಕೂ ಅಡಿಗೆಗೂ ಹಿಮವನ್ನು ಕರಗಿಸುವನು, ಒಬ್ಬನು ಕಮ್ಮಾರನ ಕೆಲಸ, ಒಬ್ಬನು ಬಡಗಿಯ ಕೆಲಸ, ಒಬ್ಬನು ಪಟ ಹೊಲಿಯುವ ಕೆಲಸ ನಡಿಸುವನು. ಮಧ್ಯಾಹ್ನ ಒಂದು ಗಂಟೆಗೆ ಊಟ. ಸಂಜೆ ಆರಕ್ಕೆ ಮತ್ತೊಂದು ಊಟ. ರಾತ್ರಿಯಲ್ಲಿ ಓದುವದು, ಇಸ್ಪೀಟಾಡುವದು, ಹಡಗಿನಲ್ಲಿದ್ದ ಆರ್ಗನ್ ವಾದ್ಯವನ್ನು ಬಾರಿಸುವದು. ಮೇಲೆ ಗಾಳಿಯಂತ್ರವೊಂದು ತಿರುಗಿ ವಿದ್ಯುದ್ದೀಪಗಳನ್ನು ಉರಿಸುತ್ತಿತ್ತು. ಬಹು ಕಾಲದ ಮೇಲೆ ಆ ಯಂತ್ರದ ಹಲ್ಲುಗಳು ಸವೆದುಹೋದದರಿಂದ ಅದನ್ನು ಇಳಿಸಬೇಕಾಯಿತು. ಅಕ್ಟೋಬರ್ ಕೊನೆಯಲ್ಲಿ ಮುಳುಗಿದ ಸೂರ್ಯನು ಫೆಬ್ರವರಿಯ ತನಕ ಏಳದೆ ಇದ್ದ ಆ ಕತ್ತಲೆಯಲ್ಲಿ ಅಂಥ ಬೆಳಕು ಎಷ್ಟು ದೊಡ್ಡ ಉಪಕಾರವೆಂದು ಹೇಳಬೇಕಾದದಿಲ್ಲ.

ಮಧ್ಯರಾತ್ರಿಗೆ ಎಲ್ಲರೂ ಮಲಗಿದರೂ ಒಬ್ಬನು ಮಾತ್ರ ಎಚ್ಚರವಾಗಿರುವನು. ಒಬ್ಬೊಬ್ಬನಿಗೆ ಒಂದೊಂದು ತಾಸಿನ ಕಾವಲು. ನಾಯಿಗಳು ಬೊಗಳಿದರೆ ಕರಡಿ ಬಂದಿತೋ ಎಂದು ನೋಡಬೇಕು. ಅದರ ಸಂಗಡ ಇನ್ನೊಂದು ಕೆಲಸವಿತ್ತು. ನಾಲ್ಕು ನಾಲ್ಕು ತಾಸಿಗೆ ಒಮ್ಮೆ, ಹಗಲಾಗಲಿ ರಾತ್ರಿಯಾಗಲಿ, ಹಿಮದ ಮೇಲಿರುವ ಮತ್ತು ಕೂವೆಕಂಬದ ಮೇಲಿರುವ ಉಷ್ಣಮಾಪಕಗಳನ್ನೂ, ಗಾಳಿಯ ದಿಕ್ಕನ್ನೂ, ವಾಯುವಿನ ಭಾರವನ್ನೂ ನೋಡಿ ಪುಸ್ತಕದಲ್ಲಿ ಬರೆಯಬೇಕು. ಸೊನ್ನೆಗಿಂತ ೪೦ ಡಿಗ್ರಿ ಕೆಳಗಿನ ಚಳಿಯಲ್ಲಿ, ಬೆಚ್ಚಗಿನ ಕೋಣೆಯಿಂದ ಎದ್ದು, ದೀಪವನ್ನು ಹಿಡಿದುಕೊಂಡು ಕಂಬವನ್ನು ಹತ್ತಿ, ನಿನ್ನೆಯ ಸಂಖ್ಯೆಗೆ ಹೆಚ್ಚು ಕಡಿಮೆ ಸಮನಾದ ಸಂಖ್ಯೆಯನ್ನೇ ಇಂದೂ ಬರೆಯುವದೆಂದರೆ ಏನೆಂದು ವಾಚಕರು ಊಹಿಸಿಕೊಳ್ಳಲಿ. ಆ ಸಂಖ್ಯೆಯನ್ನು ಮಲಗಿದಲ್ಲಿಂದಲೇ ಬರೆದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಆ ರಾತ್ರಿಯಲ್ಲಿ ಅವನನ್ನು ನೋಡುವ ಮನುಷ್ಯರು ಯಾರೂ ಇರಲಿಲ್ಲ.

ಎರಡು ದಿನಕ್ಕೆ ಒಮ್ಮೆ, ಆಕಾಶವು ಶುಭ್ರವಾಗಿದ್ದರೆ, ಸಿಗೂರ್ಡ್ ಸ್ಕಾಟ್ ಹಾನ್ಸೆನ್ ಎಂಬ ನೌಕಾ ಅಧಿಕಾರಿಯು ನಕ್ಷತ್ರಗಳನ್ನು ನೋಡಿ ಹಡಗು ಎಲ್ಲಿದೆಯೆಂದು ಲೆಕ್ಕ ಹಾಕುವನು. ಭೂಮಿಯ ನಡುಗೆರೆಯಿಂದ ಉತ್ತರ ಧ್ರುವಕ್ಕೆ ೯೦ ಡಿಗ್ರಿ ಎಂದು ಎಣಿಸುತ್ತಾರೆ. ಹಡಗು ಸಿಕ್ಕಿಕೊಂಡದ್ದು ಸುಮಾರು ೭೯ನೇ ಡಿಗ್ರಿಯ ಹತ್ತಿರ. ಲೆಕ್ಕ ಮುಗಿಯುವ ತನಕ ಉಳಿದವರು ಹಾನ್ಸೆನನ ಕೋಣೆಯ ಬಾಗಲಲ್ಲಿ ಕಾದಿರುವರು. ಉತ್ತರಕ್ಕೆ ಬಂದಿದ್ದೇವೆಂದರೆ ಎಲ್ಲರ ಮುಖವೂ ಅರಳುವದು. ದಕ್ಷಿಣಕ್ಕೆ ಜಾರಿದ್ದೇವೆಂದರೆ ಎಲ್ಲರೂ ಕುಗ್ಗುವರು. ಮೊದಲಿನ ತಿಂಗಳುಗಳಲ್ಲಿ 'ಮುಂದಕ್ಕೆ' ಎಂಬ ಹೆಸರಿನ ಹಡಗು ಹಿಂದಕ್ಕೇ ಹೋಗುತ್ತಿತ್ತು. ನವೆಂಬರ್ ತಿಂಗಳಲ್ಲಿ ನೋಡುವಾಗ ಅವರು ಹೊರಟ ಸ್ಥಳಕ್ಕಿಂತ ದಕ್ಷಿಣದಲ್ಲಿದ್ದರು. ೮೦ನೇ ಡಿಗ್ರಿಯನ್ನು ದಾಟಿ ನೆಲೆಯಾಗಿ ಉತ್ತರಕ್ಕೆ ಸಾಗಬೇಕಾದರೆ ೧೮೯೪ರ ಮಾರ್ಚ್ ತಿಂಗಳು ಬಂದಿತ್ತು. ಒಳ್ಳೇ ದಿನಕ್ಕೂ ಕೆಟ್ಟ ದಿನಕ್ಕೂ ಅವರ ಕೈಕೆಲಸದಲ್ಲಿ ಏನೂ ಭೇದವಿರಲಿಲ್ಲ. ಗಾಳಿ ಬೀಸಿದ ಹಾಗೆ ಗಡ್ಡೆ ಸಾಗಿತು, ಗಡ್ಡೆ ಸಾಗಿದ ಹಾಗೆ ಹಡಗು ಹೋಯಿತು.

ಇಂಥ ಬಾಳಿನಲ್ಲಿ ಕಷ್ಟವೇನು? ತಿನ್ನಲು ಬೇಕಾದಷ್ಟಿತ್ತು, ಬೆಚ್ಚಗೆ ಮಲಗಲು ಸ್ಥಳವಿತ್ತು. ವೈದ್ಯನಿಗೆ ರೋಗಿಗಳೇ ಸಿಕ್ಕದೆ ಅವನು ತಿಂಗಳಿಗೊಮ್ಮೆ ಎಲ್ಲರನ್ನು ತೂಗಿ ರಕ್ತವನ್ನು ಪರೀಕ್ಷಿಸುತ್ತಿದ್ದನು; ಎಲ್ಲರೂ ದಪ್ಪಗಾಗುತ್ತಿದ್ದರು. ಕಷ್ಟವು ಸುಖದಲ್ಲಿಯೇ ಇತ್ತು. ಅವೇ ಮುಖಗಳು, ಅವೇ ಮಾತುಗಳು, ಅವೇ ಹಾಸ್ಯಗಳು. ಒಬ್ಬನು ಚಮಚವನ್ನು ಇಡುವ ರೀತಿಯೂ ಮತ್ತೊಬ್ಬನಿಗೆ ಸಹಿಸದಷ್ಟಾಗುವ ದಿನಗಳುಂಟು. ಜಗಳಗಳು ಹುಟ್ಟಿದವು, ಕೆಲವು ಸಲ ಕೈ ಕೈ ಹತ್ತಿತು. ವೈದ್ಯನ ಕೈಯಿಂದ ಒಂದು ಪತ್ರಿಕೆಯನ್ನು ಹೊರಡಿಸಲು ಪ್ರಾರಂಭಿಸಿದರು. ಬರೆಯುವದಕ್ಕೆ ಏನೂ ಇಲ್ಲದೆ ಅದು ಬೇಗನೇ ನಿಂತುಹೋಯಿತು. (ಪತ್ರಿಕೆ ನಡಿಸುವವರಿಗೆ ಈ ಸಂಗತಿಯು ನಗುವಿಗೂ ನಿಟ್ಟುಸಿರಿಗೂ ಕಾರಣವಾಗುವದು.) ನಾನ್ಸೆನನಾದರೋ ಈ ಸುಖವನ್ನು ಎಲ್ಲರಿಗಿಂತ ಹೆಚ್ಚಾಗಿ ಹಗೆಮಾಡಿದನು. ಅಪಾಯವು ಬರಲಿ, ಹೋರಾಡುವದಕ್ಕೆ ಏನಾದರೂ ಸಿಕ್ಕಲಿ ಎಂದು ಹಾರೈಸುವವನಿಗೆ ತುಂಬಿದ ಮೇಜು ಸೆರೆಮನೆಯಂತೆ ತೋರಿತು.

ಈ ಮಧ್ಯದಲ್ಲಿ ನಡೆದ ಒಂದು ಸಣ್ಣ ಸಂಗತಿಯು ನಮಗೆ ಬಹಳ ಹಿಡಿಸಿತು. ಧ್ರುವ ಸಮುದ್ರವು ಆಳವಿಲ್ಲದ್ದೆಂದು ಆಗ ಅನೇಕರು ನಂಬಿದ್ದರು. ನಾನ್ಸೆನನೂ ಹಾಗೆಯೇ ಎಣಿಸಿ ಹೊರಟಿದ್ದನು. ಆದರೆ ಉತ್ತರಕ್ಕೆ ಹೋದ ಮೇಲೆ ಆಳ ನೋಡುವ ಹಗ್ಗವನ್ನು ಎಷ್ಟು ಇಳಿಸಿದರೂ ತಳ ಸಿಕ್ಕಲಿಲ್ಲ. ತಂದ ಹಗ್ಗವೆಲ್ಲಾ ಮುಗಿಯಿತು. ಆಗ ಅವರು ಹಡಗಿನ ಉಕ್ಕಿನ ಹಗ್ಗವೊಂದನ್ನು ತೆಗೆದು, ಅದರ ಹುರಿಯನ್ನು ಬಿಚ್ಚಿ, ಎಳೆಎಳೆಯಾಗಿ ಬೇರ್ಪಡಿಸಿ, ಮತ್ತೆ ಜೋಡಿಸಿ, ನಾಲ್ಕು ಐದು ಸಾವಿರ ಮೀಟರ್ ಉದ್ದದ ತಂತಿಯನ್ನು ಹೊಸೆದರು. ಈ ಕೆಲಸವನ್ನು ಕೊರೆಯುವ ಚಳಿಯಲ್ಲಿ ಹಿಮದ ಮೇಲೆ ನಿಂತು ಮಾಡಿದರು. ಆ ತಂತಿಯನ್ನು ಇಳಿಸಿದಾಗ ೩,೩೦೦ರಿಂದ ೩,೯೦೦ ಮೀಟರ್ ಆಳದಲ್ಲಿ ತಳವು ಸಿಕ್ಕಿತು. ಬಾವಿಯ ಹಗ್ಗವು ಸಾಲದಿದ್ದರೆ ನೀರೇ ಇಲ್ಲವೆಂದು ಹೇಳಿಬಿಡುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ತಳ ಸಿಕ್ಕಲಿಲ್ಲವೆಂದು ಬರೆದು ಸುಮ್ಮನಿದ್ದರೂ ಅದು ಸುಳ್ಳಾಗುತ್ತಿರಲಿಲ್ಲ. ಆದರೆ ಸುಳ್ಳಲ್ಲದ್ದೆಲ್ಲಾ ಸಾಕಾಗುವದಿಲ್ಲವೆಂದು ಅವರಿಗೆ ತೋರಿತು.

ಹೀಗಿರಲಾಗಿ, ಹಡಗು ಧ್ರುವದ ಮೇಲೆಯೇ ಹಾದುಹೋಗುವದಿಲ್ಲವೆಂದು ಲೆಕ್ಕದಿಂದ ಸ್ಪಷ್ಟವಾಯಿತು. ನಾನ್ಸೆನನು ಹಡಗನ್ನು ಬಿಟ್ಟು, ಒಬ್ಬ ಸಂಗಡಿಗನೊಂದಿಗೆ ಹಿಮದ ಮೇಲೆ ನಡೆದು ಧ್ರುವವನ್ನು ಮುಟ್ಟುವದಕ್ಕೆ ತೀರ್ಮಾನಿಸಿದನು. ಇಲ್ಲಿ ನಮ್ಮ ಪ್ರಶ್ನೆಯು ಮುಳ್ಳಿನಂತೆ ಚುಚ್ಚುತ್ತದೆ. ಯಾಕಂದರೆ ಹಡಗು ಸಾಗುತ್ತಲೇ ಇರುವದರಿಂದ, ಒಮ್ಮೆ ಬಿಟ್ಟುಹೋದವನು ಅದನ್ನು ಪುನಃ ಹುಡುಕಿ ಸೇರುವ ಹಾಗಿರಲಿಲ್ಲ. ನಾಯಕನಾದವನು ತನ್ನನ್ನು ನಂಬಿ ಬಂದ ಹನ್ನೊಂದು ಮಂದಿಯನ್ನು ನಡುಹಿಮದಲ್ಲಿ ಬಿಟ್ಟು ಹೋಗಬಹುದೋ? ಸ್ವೆರ್ಡ್ರುಪನಿಗೂ ಹೋಗುವ ಆಸೆ ಇದ್ದಿತು. ಆದರೆ ಇಬ್ಬರೂ ಒಮ್ಮೆಗೇ ಹೋಗುವ ಹಾಗಿಲ್ಲ. ಅಪಾಯದ ದಾರಿಗೆ ಮತ್ತೊಬ್ಬನನ್ನು ಕಳುಹಿಸಿ ತಾನು ಬೆಚ್ಚಗೆ ಕೂರುವದು ನ್ಯಾಯವಲ್ಲವೆಂದೂ, ಹಡಗನ್ನು ಮನೆಗೆ ಮುಟ್ಟಿಸುವದಕ್ಕೆ ಸ್ವೆರ್ಡ್ರುಪನೇ ತನಗಿಂತ ಸಮರ್ಥನೆಂದೂ ನಾನ್ಸೆನನು ಎಣಿಸಿದನು. ಈ ಎರಡು ಕಾರಣಗಳೂ ಒಳ್ಳೇವೇ. ಆದಾಗ್ಯೂ ಅವುಗಳ ಹಿಂದೆ ಮೂರನೆಯದೊಂದು ಇದ್ದಿತು, ಅದನ್ನು ಅವನು ಮುಚ್ಚಿಡಲೂ ಇಲ್ಲ: ಸುಮ್ಮನಿರುವದು ಅವನಿಗೆ ಸಾಧ್ಯವಾಗಲಿಲ್ಲ. ನಾವು ಇದನ್ನು ಪಾಪವೆಂದು ಎಣಿಸುವದಿಲ್ಲ. ಆದರೆ ಮನುಷ್ಯನು ತನಗೆ ಇಷ್ಟವಾದದ್ದನ್ನು ಕರ್ತವ್ಯವೆಂದು ಕಂಡುಕೊಳ್ಳುವಾಗ ಬಹಳ ಚುರುಕಾಗಿರುತ್ತಾನೆಂಬದನ್ನು ಮಾತ್ರ ಮರೆಯಬಾರದು.

೧೮೯೫ನೇ ಮಾರ್ಚ್ ೧೪ರಲ್ಲಿ ನಾನ್ಸೆನನೂ ಯೋಹಾನ್ಸೆನನೂ ೨೮ ನಾಯಿಗಳು, ಮೂರು ಜಾರುಬಂಡಿಗಳು, ಎರಡು ಸಣ್ಣ ದೋಣಿಗಳು ಇವುಗಳ ಸಂಗಡ ೮೪ನೇ ಡಿಗ್ರಿಯಿಂದ ಹೊರಟರು. ಹಿಮವು ಬಯಲಿನಂತೆ ಸಮನಾಗಿರದೆ, ಉತ್ತ ಹೊಲದಲ್ಲಿ ಬಂಡೆಗಳನ್ನು ರಾಶಿ ಹಾಕಿದ ಹಾಗೆ ಇತ್ತು. ಬೆವರು ಬಟ್ಟೆಯಲ್ಲಿಯೇ ಹೆಪ್ಪುಗಟ್ಟಿ ಮೈಗೆ ಕೊರೆಯುವಷ್ಟು ಗಡುಸಾಯಿತು. ಇಷ್ಟು ಪ್ರಯಾಸಪಟ್ಟು ಉತ್ತರಕ್ಕೆ ನಡೆದರೂ ಲೆಕ್ಕ ನೋಡಿದಾಗ ನಡೆದಷ್ಟು ದೂರ ಬಂದಿರಲಿಲ್ಲ. ಅವರ ಕಾಲ ಕೆಳಗಿನ ಹಿಮವೇ ದಕ್ಷಿಣಕ್ಕೆ ಸಾಗುತ್ತಿತ್ತು. ಏಪ್ರಿಲ್ ೮ರಲ್ಲಿ, ೮೬ ಡಿಗ್ರಿ ೧೪ ಮಿನಿಟಿನ ಹತ್ತಿರ, ಅವರು ಹಿಂದಿರುಗಿದರು. ಅದಕ್ಕೆ ಮೊದಲು ಯಾವ ಮನುಷ್ಯನೂ ಅಷ್ಟು ಉತ್ತರಕ್ಕೆ ಹೋಗಿರಲಿಲ್ಲ.

ಹಿಂದಿರುಗಿ ಕೆಲವೇ ದಿನಗಳಾಗಿದ್ದವು. ಒಂದು ದೀರ್ಘ ಪ್ರಯಾಣದ ಆಯಾಸದಲ್ಲಿ ಗಡಿಯಾರಗಳಿಗೆ ಕೀಲಿ ಕೊಡುವದನ್ನು ಮರೆತರು. ಎರಡೂ ನಿಂತುಹೋದವು. ಇದು ಅಲ್ಪ ಸಂಗತಿಯೆಂದು ತೋರಬಹುದು. ಆದರೆ ಪೂರ್ವ ಪಶ್ಚಿಮಗಳನ್ನು ತಿಳಿಯಬೇಕಾದರೆ ಸರಿಯಾದ ವೇಳೆಯು ಗೊತ್ತಿರಬೇಕು. ಆ ಹೊತ್ತಿನಿಂದ ತಾವು ಎಷ್ಟು ಪೂರ್ವಕ್ಕೆ ಇದ್ದೇವೆಂಬದು ಅವರಿಗೆ ನಿಶ್ಚಯವಾಗಿ ತಿಳಿಯಲಿಲ್ಲ. ಕಡೆಗೆ ಭೂಮಿಯನ್ನು ಕಂಡಾಗಲೂ ಅದು ಯಾವ ಭೂಮಿಯೆಂದು ಬಹು ಕಾಲ ಸಂಶಯದಲ್ಲಿದ್ದರು. ಧ್ರುವದ ಮಾರ್ಗದಲ್ಲಿ ಎಲ್ಲರಿಗಿಂತ ಮುಂದೆ ಹೋದ ಇಬ್ಬರು ಶೂರರನ್ನು ದಾರಿ ತಪ್ಪಿಸಿದ್ದು ಕರಡಿಯಲ್ಲ, ಚಳಿಯಲ್ಲ. ಮನೆಯಲ್ಲಿರುವ ಹುಡುಗನೂ ಮಾಡಬಹುದಾದ ದಿನದ ಒಂದು ಸಣ್ಣ ಕೆಲಸವು ಒಮ್ಮೆ ತಪ್ಪಿಹೋದದ್ದೇ. ಆ ಮೇಲೆ ಅವರು ಫ್ರಾನ್ಸ್ ಜೋಸೆಫ್ ಲ್ಯಾಂಡಿನ ದ್ವೀಪವೊಂದರಲ್ಲಿ ಕಲ್ಲಿನ ಗುಡಿಸಲನ್ನು ಕಟ್ಟಿ, ಕರಡಿಯ ಮಾಂಸವನ್ನು ತಿಂದು, ಚಳಿಗಾಲವನ್ನು ಕಳೆದು, ೧೮೯೬ನೇ ಜೂನ್ ೧೭ರಲ್ಲಿ ಆ ಸೀಮೆಯಲ್ಲಿ ಶೋಧನೆ ಮಾಡುತ್ತಿದ್ದ ಫ್ರೆಡರಿಕ್ ಜಾಕ್ಸನ್ ಎಂಬ ಇಂಗ್ಲಿಷರವನನ್ನು ಸಂಧಿಸಿ ಬದುಕಿದರು.

ಅಷ್ಟರಲ್ಲಿ ಹಡಗಿನಲ್ಲಿ ಏನು ನಡೆಯಿತು? ಏನೂ ನಡೆಯಲಿಲ್ಲವೆಂದು ಹೇಳಬಹುದು. ಹನ್ನೊಂದು ಮಂದಿ ಎದ್ದರು, ಉಂಡರು, ಹಿಮ ಕರಗಿಸಿದರು, ಹಡಗು ಒಡೆದರೆ ನಡೆದುಹೋಗುವದಕ್ಕೆ ಬೇಕಾದ ಬಂಡಿಗಳನ್ನೂ ಆಹಾರವನ್ನೂ ಸಿದ್ಧಮಾಡಿದರು, ನಾಲ್ಕು ತಾಸಿಗೊಮ್ಮೆ ಸಂಖ್ಯೆಗಳನ್ನು ಬರೆದರು. ನಾಯಕನು ಜೀವದಿಂದಿದ್ದಾನೋ ಇಲ್ಲವೋ ಎಂದು ತಿಳಿಯದೆ ಹದಿನೇಳು ತಿಂಗಳು ಹಾಗೆಯೇ ಹೋದವು. ೧೮೯೫ನೇ ನವೆಂಬರ್ ೧೫ರಲ್ಲಿ ಲೆಕ್ಕ ನೋಡಲಾಗಿ ಫ್ರಾಂ ಹಡಗು ೮೫ ಡಿಗ್ರಿ ೫೫ ಮಿನಿಟನ್ನು ಮುಟ್ಟಿತ್ತು. ಅಂದರೆ ಪ್ರಾಣವನ್ನು ಪಣವಾಗಿಟ್ಟು ನಡೆದ ಇಬ್ಬರು, ಕೂತಲ್ಲೇ ಕೂತ ಹಡಗಿಗಿಂತ ಧ್ರುವಕ್ಕೆ ಸಮೀಪವಾದದ್ದು ಸುಮಾರು ೩೫ ಕಿಲೋಮೀಟರ್ ಮಾತ್ರ. ಇನ್ನೂ ಆಶ್ಚರ್ಯವೇನಂದರೆ, ೧೮೯೬ನೇ ಆಗಸ್ಟ್ ೧೩ರಲ್ಲಿ ನಾನ್ಸೆನನು ಜಾಕ್ಸನನ ಹಡಗಿನಲ್ಲಿ ನಾರ್ವೆಯ ದಡವನ್ನು ಮುಟ್ಟಿದನು. ಅದೇ ದಿನ ಫ್ರಾಂ ಹಡಗು ಹಿಮದ ಸೆರೆಯಿಂದ ಬಿಡಿಸಿಕೊಂಡು ತೆರೆದ ನೀರಿಗೆ ಬಂದಿತು. ಒಂದು ವಾರದ ಮೇಲೆ ಟ್ರೋಮ್ಸೋ ಎಂಬ ಊರಿನಲ್ಲಿ ಹದಿಮೂರು ಮಂದಿಯೂ ಕೂಡಿಕೊಂಡರು.

ಈ ಲೆಕ್ಕವನ್ನು ತೋರಿಸಿ, ಹೋದವನು ವ್ಯರ್ಥವಾಗಿ ಹೋದನೆಂದು ಹೇಳುವದು ಸುಲಭ. ನಾವು ಹಾಗೆ ಹೇಳುವದಿಲ್ಲ. ಗಾಳಿಯು ಸ್ವಲ್ಪ ಬೇರೆಯಾಗಿ ಬೀಸಿದ್ದರೆ ಲೆಕ್ಕವು ಬೇರೆಯಾಗುತ್ತಿತ್ತು. ಹಡಗು ಎಲ್ಲಿಗೆ ಹೋಗುವದೆಂಬದು ೧೮೯೫ರಲ್ಲಿ ಯಾರಿಗೂ ತಿಳಿಯದು. ಕೆಲಸದ ಬೆಲೆಯನ್ನು ಅದು ಮುಗಿದ ಮೇಲೆ ಸಿಕ್ಕಿದ ಸಂಖ್ಯೆಯಿಂದ ಕಟ್ಟುವದಾದರೆ ಉಳಿದವರ ಕೆಲಸಕ್ಕೂ ಅದೇ ತಕ್ಕಡಿಯನ್ನು ಹಿಡಿಯಬೇಕಾಗುವದು, ಮತ್ತು ಆ ತಕ್ಕಡಿಯಲ್ಲಿ ಉಳಿದವರ ಪಾಲಿಗೆ ಬಿದ್ದದ್ದು ಗಾಳಿಯ ಕೃಪೆಯೇ ಹೊರತು ಅವರ ಗುಣವಲ್ಲ. ನಾನ್ಸೆನನು ಮುಂದೆ ಯುದ್ಧದಿಂದ ನೆಲೆಗೆಟ್ಟ ಲಕ್ಷಾಂತರ ಜನರ ಸಹಾಯಕ್ಕಾಗಿ ಅದೇ ಸುಮ್ಮನಿರಲಾರದ ಸ್ವಭಾವದಿಂದ ದುಡಿದು ೧೯೨೨ರಲ್ಲಿ ನೊಬೆಲ್ ಶಾಂತಿ ಬಹುಮಾನವನ್ನು ಪಡೆದನು. ಅಂಥ ಚಡಪಡಿಕೆಯನ್ನು ನಾವು ಹಳಿಯಬಾರದು.

ಮತ್ತೊಂದು ಸುಲಭವಾದ ಉತ್ತರವುಂಟು. ಉಳಿದವರು ಆ ಸಂಖ್ಯೆಗಳನ್ನು ಬರೆದದ್ದು ಹೊತ್ತು ಹೋಗುವದಕ್ಕಾಗಿ, ಕೈಗೆ ಕೆಲಸವಿದ್ದರೆ ಮನಸ್ಸು ಕೆಡುವದಿಲ್ಲ, ಕೆಲಸವು ಬೇಸರಕ್ಕೆ ಮದ್ದು ಎಂದು ಅನೇಕರು ಹೇಳುತ್ತಾರೆ. ಈ ಮಾತು ನಿಜವೆಂದು ನಾವೂ ಬಹು ಕಾಲ ನಂಬಿದ್ದೆವು. ಆದರೆ ಬೆಲ್ಜಿಕಾ ಎಂಬ ಹಡಗಿನ ಕಥೆಯು ನಮ್ಮ ಬಾಯಿಯನ್ನು ಮುಚ್ಚಿಸಿತು. ಬೆಲ್ಜಿಯಂ ದೇಶದ ಆ ಹಡಗು ೧೮೯೮ರಲ್ಲಿ ದಕ್ಷಿಣ ಧ್ರುವದ ಸಮುದ್ರದಲ್ಲಿ ಸಿಕ್ಕಿಕೊಂಡು ಒಂದು ವರುಷದ ಮೇಲೆ, ೧೮೯೯ರ ಮಾರ್ಚ್ ತಿಂಗಳಲ್ಲಿ, ಬಿಡುಗಡೆಯಾಯಿತು. ಅಲ್ಲಿಯೂ ಶಾಸ್ತ್ರಜ್ಞರಿದ್ದರು, ಅವರು ಗಂಟೆಗಂಟೆಗೂ ಗಾಳಿಯನ್ನೂ ಚಳಿಯನ್ನೂ ಅಳೆದು ಬರೆದರು. ಆ ಖಂಡದ ಕಡೆಯಲ್ಲಿ ಇಡೀ ಒಂದು ವರುಷದ ಅಂಥ ಲೆಕ್ಕವು ಅದೇ ಮೊದಲನೆಯದು. ಆದಾಗ್ಯೂ ಸೂರ್ಯನು ಮುಳುಗಿದ ಮೇಲೆ ಎಲ್ಲರ ಮೈಯೂ ಮನಸ್ಸೂ ಕುಂದಿದವು. ಎಮಿಲ್ ಡಾಂಕೋ ಎಂಬ ಶಾಸ್ತ್ರಜ್ಞನು ಜೂನ್ ೫ರಲ್ಲಿ ತೀರಿಹೋದನು. ಖಲಾಸಿಗಳಲ್ಲಿ ಬುದ್ಧಿಭ್ರಮೆ ಹತ್ತಿದವರೂ ಇದ್ದರು. ಹಸಿ ತರಕಾರಿ, ತಾಜಾ ಮಾಂಸ ಇಲ್ಲದೆ ಬರುವ ಸ್ಕರ್ವಿ ರೋಗವು ಒಬ್ಬೊಬ್ಬನನ್ನೇ ಹಿಡಿಯಿತು. ಅವರನ್ನು ಉಳಿಸಿದ್ದು ಸಂಖ್ಯೆಗಳಲ್ಲ. ವೈದ್ಯನಾದ ಫ್ರೆಡರಿಕ್ ಕುಕ್ ಎಂಬವನು ಪೆಂಗ್ವಿನ್ ಹಕ್ಕಿಯ ಮತ್ತು ಸೀಲ್ ಪ್ರಾಣಿಯ ತಾಜಾ ಮಾಂಸವನ್ನು ಹಟ ಹಿಡಿದು ತಿನ್ನಿಸಿದ್ದು, ರೋಗಿಗಳನ್ನು ಬೆಂಕಿಯ ಮುಂದೆ ಕೂರಿಸಿದ್ದು. ಆ ಮಾಂಸವು ನಾಯಕನಿಗೇ ಮೊದಲು ಹಿಡಿಸಿರಲಿಲ್ಲ. ಆದದರಿಂದ ಕೆಲಸವೇ ಎಲ್ಲಾ ಬೇನೆಗೂ ಮದ್ದೆಂದು, ದುಃಖದಲ್ಲಿರುವವನಿಗೆ ದುಡಿ ದುಡಿ ಎಂದು ಹೇಳಿ ಹೋಗುವವರು ಆ ಹಡಗನ್ನು ನೆನಸಿಕೊಳ್ಳಲಿ.

ಹಾಗಾದರೆ ಆ ಕೆಲಸವು ಮದ್ದಲ್ಲ, ಕೀರ್ತಿಗೂ ಅಲ್ಲ. ಮತ್ತೇನು? ನಮಗೆ ತೋರುವದೇನಂದರೆ, ಅದು ಸಾಲ. ಕಾಣದವರಿಗೆ ಕೊಡಬೇಕಾದ ಸಾಲ. ಹಾನ್ಸೆನನೂ ಅವನ ಸಂಗಡಿಗರೂ ದಿನದಿನವೂ ಬರೆದ ಗಾಳಿಯ ದಿಕ್ಕನ್ನೂ ಹಡಗಿನ ಸ್ಥಾನವನ್ನೂ ಒಂದರ ಪಕ್ಕಕ್ಕೆ ಒಂದನ್ನಿಟ್ಟು ನೋಡಿದಾಗ, ಹಿಮವು ಗಾಳಿಯ ದಿಕ್ಕಿನಲ್ಲಿಯೇ ಸಾಗದೆ ಅದರ ಬಲಕ್ಕೆ ೨೦ರಿಂದ ೪೦ ಡಿಗ್ರಿ ಓರೆಯಾಗಿ ಸಾಗಿತೆಂದು ನಾನ್ಸೆನನು ಕಂಡನು. ಭೂಮಿಯು ತಿರುಗುವದೇ ಇದಕ್ಕೆ ಕಾರಣವೆಂದು ಎಣಿಸಿ, ಗಣಿತದಿಂದ ಇದನ್ನು ವಿವರಿಸುವ ಕೆಲಸವು ಎಕ್ಮನ್ ಎಂಬ ಸ್ವೀಡನ್ನಿನ ಯುವಕನಿಗೆ ಒಪ್ಪಿಸಲ್ಪಟ್ಟಿತು. ೧೯೦೫ರಲ್ಲಿ ಅವನು ಪ್ರಕಟಿಸಿದ ಆ ಸಿದ್ಧಾಂತವನ್ನು ಗಾಳಿಯು ಸಮುದ್ರವನ್ನು ಹೇಗೆ ನಡಿ‌ಸುತ್ತದೆಂದು ಕಲಿಯುವವರೆಲ್ಲರು ಇಂದಿಗೂ ಕಲಿಯುತ್ತಾರೆ. ಮೇಲಿನ ತಣ್ಣೀರಿನ ಕೆಳಗೆ, ಸುಮಾರು ೨೦೦ ಮೀಟರಿನಿಂದ ಆಚೆಗೆ, ಅಟ್ಲಾಂಟಿಕ್ ಸಮುದ್ರದಿಂದ ಬಂದ ಬೆಚ್ಚಗಿನ ನೀರಿನ ಪದರವುಂಟೆಂಬದೂ ಆ ಅಳತೆಗಳಿಂದಲೇ ಗೊತ್ತಾಯಿತು. ಅವರ ಅಳತೆಗಳೆಲ್ಲಾ ಸರಿಯಾಗಿದ್ದವೆಂದಲ್ಲ. ಆಳದ ನೀರಿನ ಉಪ್ಪಿನ ಲೆಕ್ಕವು ನಿಜಕ್ಕಿಂತ ಹೆಚ್ಚಾಗಿತ್ತೆಂದು ಆ ಮೇಲೆ ತಿಳಿದುಬಂದಿತು; ನಾನ್ಸೆನನೇ ಉತ್ತಮವಾದ ಸಲಕರಣೆಯನ್ನು ಕಂಡುಹಿಡಿಯಲು ಶ್ರಮಿಸಿದನು. ತಪ್ಪಾದದ್ದನ್ನೂ ಪ್ರಾಮಾಣಿಕವಾಗಿ ಬರೆದಿದ್ದರಿಂದಲೇ ಅದು ತಪ್ಪೆಂದು ತಿಳಿಯುವ ಹಾಗಾಯಿತು.

ಕಂಬವನ್ನು ಹತ್ತಿ ಇಳಿದ ಖಲಾಸಿಗೆ ಎಕ್ಮನನ ಹೆಸರು ಗೊತ್ತಿರಲಿಲ್ಲ. ತನ್ನ ಸಂಖ್ಯೆಯು ಯಾರಿಗೆ ಬೇಕಾಗುವದು, ಬೇಕಾಗುವದೋ ಇಲ್ಲವೋ ಎಂಬದೂ ಅವನಿಗೆ ಗೊತ್ತಿರಲಿಲ್ಲ. ಹಡಗು ಮುಳುಗಿದ್ದರೆ ಪುಸ್ತಕವೂ ಮುಳುಗುತ್ತಿತ್ತು. ಇಷ್ಟನ್ನು ತಿಳಿದೂ ಅವನು ಸರಿಯಾಗಿ ನೋಡಿ ಬರೆದನೆಂಬದೇ ನಮ್ಮ ಆಶ್ಚರ್ಯ. ಹೋದವನಿಗೆ ತನ್ನ ಮುಂದೆ ಧ್ರುವವೆಂಬ ಗುರಿಯು ಕಾಣುತ್ತಿತ್ತು, ದಿನದ ಕೊನೆಯಲ್ಲಿ ಇಷ್ಟು ದೂರ ನಡೆದೆನೆಂಬ ಸಮಾಧಾನವಾದರೂ ಸಿಕ್ಕುತ್ತಿತ್ತು. ಉಳಿದವನಿಗೆ ಅದೂ ಇಲ್ಲ. ಇಬ್ಬರಲ್ಲಿ ಯಾರು ಹೆಚ್ಚೆಂದು ನಮ್ಮನ್ನು ಕೇಳಿದರೆ, ಧೈರ್ಯದಲ್ಲಿ ಹೋದವನೇ ಹೆಚ್ಚೆಂದು ಒಪ್ಪುತ್ತೇವೆ. ಆದರೆ ನಂಬಿಗಸ್ತಿಕೆ ಎಂಬ ಗುಣವನ್ನು ಕಲಿಯಬೇಕಾದರೆ ನಾವು ನಾನ್ಸೆನನ ಜಾರುಬಂಡಿಯ ಹಿಂದೆ ಹೋಗುವದಿಲ್ಲ, ಸ್ವೆರ್ಡ್ರುಪನ ಹಡಗಿನಲ್ಲಿಯೇ ಕೂತಿರುತ್ತೇವೆ. ನಮ್ಮ ವಾಚಕರಲ್ಲಿ ಕೆಲವರು ಇದನ್ನು ಒಪ್ಪಲಿಕ್ಕಿಲ್ಲ. ಮಗನನ್ನು ದೂರದೇಶಕ್ಕೆ ಕಳುಹಿಸಿದ ತಾಯಿಯೂ, ಹೊಲದಲ್ಲಿಯೇ ಉಳಿದ ಅಣ್ಣನೂ ಒಂದೇ ಉತ್ತರವನ್ನು ಕೊಡಬೇಕೆಂದೇನೂ ಇಲ್ಲ.

ಈಚಿನ ದಿನಗಳಲ್ಲಿಯೂ ಇದೇ ಕೆಲಸವು ಇನ್ನೊಮ್ಮೆ ನಡೆಯಿತು. ಪೋಲಾರ್‌ಸ್ಟೆರ್ನ್ ಎಂಬ ಜರ್ಮನ್ ದೇಶದ ಶೋಧನೆಯ ಹಡಗು ೨೦೧೯ನೇ ಸೆಪ್ಟೆಂಬರ್ ೨೦ರಲ್ಲಿ ಅದೇ ಟ್ರೋಮ್ಸೋ ಊರಿನಿಂದ ಹೊರಟು, ಅಕ್ಟೋಬರ್ ತಿಂಗಳಲ್ಲಿ ಹಿಮದ ಹಾಸೊಂದಕ್ಕೆ ತನ್ನನ್ನು ಕಟ್ಟಿಕೊಂಡು, ಫ್ರಾಂ ಹಡಗಿನ ಹಾಗೆ ಹಿಮದೊಂದಿಗೆ ಸಾಗಿತು. ಇಪ್ಪತ್ತು ದೇಶಗಳವರು ಇದರಲ್ಲಿ ಸೇರಿದ್ದರು; ಒಂದು ಸಲಕ್ಕೆ ನೂರು ಮಂದಿಯ ಹತ್ತಿರ ಹಡಗಿನಲ್ಲಿ ಇರುತ್ತಿದ್ದರು. ಬಂದೂಕು ಹಿಡಿದ ಕಾವಲುಗಾರನಿಲ್ಲದೆ ಯಾರೂ ಹಿಮದ ಮೇಲೆ ಇಳಿಯುವ ಹಾಗಿರಲಿಲ್ಲ, ಯಾಕಂದರೆ ಕರಡಿಗಳು ಈಗಲೂ ಇವೆ. ತಲೆಗೆ ಕಟ್ಟಿದ ದೀಪಗಳ ಬೆಳಕಿನಲ್ಲಿ ಹಿಮವನ್ನು ಕೊರೆದು ಅಳೆದರು. ಗಾಳಿಯನ್ನು ಪರೀಕ್ಷಿಸುವ ಬಲೂನನ್ನು ದಿನಕ್ಕೆ ನಾಲ್ಕು ಸಲವಾದರೂ ಹಾರಿಸಿದರು. ಸರದಿಯಂತೆ ಹೊಸಬರು ಬಂದು ಹಳಬರು ಮನೆಗೆ ಹೋಗಬೇಕಾಗಿತ್ತು. ಆದರೆ ೨೦೨೦ರಲ್ಲಿ ಕೋವಿಡ್ ವ್ಯಾಧಿಯು ಲೋಕವನ್ನೆಲ್ಲಾ ಮುತ್ತಿದಾಗ ವಿಮಾನಗಳು ನಿಂತವು, ದೇಶಗಳ ಬಾಗಲುಗಳು ಮುಚ್ಚಿದವು. ಏಪ್ರಿಲ್ ತಿಂಗಳಲ್ಲಿ ಮನೆಗೆ ಹೋಗಬೇಕಾಗಿದ್ದವರು ಸುಮಾರು ಎರಡು ತಿಂಗಳು ಹೆಚ್ಚಾಗಿ ಅಲ್ಲಿಯೇ ಉಳಿಯಬೇಕಾಯಿತು. ತಮ್ಮ ಮನೆಯವರು ವ್ಯಾಧಿಯ ನಡುವೆ ಇರುವಾಗ ತಾವು ವ್ಯಾಧಿಯಿಲ್ಲದ ಹಿಮದ ಮೇಲೆ ಸುಖವಾಗಿರುವದು ಅವರಿಗೆ ಎಂಥ ಸುಖವಾಗಿತ್ತೆಂಬದನ್ನು ಹೇಳಬೇಕಾದದಿಲ್ಲ. ಕೊನೆಗೆ ಹಡಗು ಹಿಮವನ್ನು ಬಿಟ್ಟು ದಕ್ಷಿಣಕ್ಕೆ ಬಂದು, ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ಬೇರೆ ಎರಡು ಹಡಗುಗಳಿಂದ ಹೊಸಬರನ್ನು ಹತ್ತಿಸಿಕೊಂಡು, ಅದೇ ಹಿಮದ ಹಾಸಿಗೆ ತಿರಿಗಿ ಹೋಯಿತು.

ಫ್ರಾಂ ಹಡಗಿಗೆ ಮೂರು ವರುಷ ಹಿಡಿದ ಆ ಪ್ರಯಾಣದ ತರದ್ದೇ ಈ ಹಡಗಿಗೆ ಒಂದು ವರುಷದೊಳಗೆ ಮುಗಿಯಿತು. ಈಗಿನ ಹಿಮವು ಹಿಂದಿನದಕ್ಕಿಂತ ತೆಳುವಾಗಿದೆ, ಬೇಗನೇ ಸಾಗುತ್ತದೆ. ಹಾಗೆಂದು ಹೇಳಬೇಕಾದರೆ ಹಿಂದಿನದು ಹೇಗಿತ್ತೆಂದು ಯಾರಾದರೂ ಬರೆದಿಟ್ಟಿರಬೇಕಲ್ಲ. ೨೦೨೦ರ ಜುಲೈ ಕೊನೆಯಲ್ಲಿ ಆ ಹಿಮದ ಹಾಸು ಗ್ರೀನ್‌ಲ್ಯಾಂಡಿನ ಪೂರ್ವಕ್ಕೆ ಒಡೆದು ಚೂರಾಯಿತು. ಅಲ್ಲಿನ ಜಲಸಂಧಿಗೆ ಭೂಪಟದಲ್ಲಿ ಫ್ರಾಂ ಎಂಬ ಹೆಸರೇ ಇದೆ. ಮಧ್ಯರಾತ್ರಿಯ ಕಾವಲು ಮುಗಿದ ಮೇಲೆ ಸಂಖ್ಯೆಯನ್ನು ಬರೆದಿಟ್ಟು, ಮುಂದಿನ ಸರದಿಯವನನ್ನು ಎಬ್ಬಿಸಿ ಮಲಗಲು ಹೋದ ಮನುಷ್ಯನ ಹೆಸರು ಆ ಭೂಪಟದಲ್ಲಿ ಇಲ್ಲ.